ಬೇಕರಿ ಪಫ್‌ಗೆ ಲೇಬಲ್ ಎಲ್ಲಿ ಅಂಟಿಸುತ್ತೀರಿ?

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳದ್ದೇ ಸುದ್ದಿ. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಆಮೇಲೆ ತಜ್ಞರ ಸಮಿತಿ ಪರಿಶೀಲಿಸಿ, ಸಾವು ಅಸಹಜವಾಗಿ ಏರಿಲ್ಲ ಎಂದಿತು. ಬಿಪಿ, ಶುಗರ್, ಸಿಗರೇಟು, ಬೊಜ್ಜು, ಎಲ್ಲಾ ಗೊತ್ತಿದ್ದ ಕಾರಣಗಳೇ. ಅಲ್ಲಿಗೆ ಗಲಾಟೆ ಮುಗಿಯಿತು, ಉಪದೇಶ ಶುರುವಾಯಿತು. ಎಣ್ಣೆ ಬಿಡಿ, ವಾಕಿಂಗ್ ಮಾಡಿ, ಮುದ್ದೆ ತಿನ್ನಿ.

ಬೊಜ್ಜು ಬಂದರೆ ತಿನ್ನುವವನ ನಾಲಿಗೆಯದೇ ತಪ್ಪು ಅನ್ನೋ ಈ ಮಾತು ನನಗಂತೂ ಹಿಡಿಸುವುದಿಲ್ಲ. ಆಟೋ ನಿಲ್ಲಿಸಿ ಟೀ ಜೊತೆ ಪಫ್ ತಿನ್ನುವವರಿಗೆ ಆ ಹೊತ್ತಿಗೆ, ಆ ದುಡ್ಡಿಗೆ ಸಿಗುವುದೇ ಅದು, ಅಲ್ವಾ?

ಬೇಕರಿ ವಿಷಯ ನಮಗೆ ಹತ್ತಿರದ್ದು. ರಾಜ್ಯದ ತುಂಬ ಇರುವ ಅಯ್ಯಂಗಾರ್ ಬೇಕರಿಗಳವರಲ್ಲಿ ಬಹಳ ಜನ ಹಾಸನ ಜಿಲ್ಲೆಯಿಂದ ಹೋದವರೇ. ಪಫ್ ಪದರ ಪದರವಾಗಿ ಏಳಬೇಕಾದರೆ ಗಟ್ಟಿ ಕೊಬ್ಬು ಬೇಕು, ಬೆಣ್ಣೆ ದುಬಾರಿ, ಹಾಗಾಗಿ ಅಗ್ಗದ ವನಸ್ಪತಿ. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರೆಬರೆ ಗಟ್ಟಿ ಮಾಡುವಾಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ ಅಂತ 1990ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಡೆನ್ಮಾರ್ಕ್ 2003ರಲ್ಲಿ ಮಿತಿ ಹಾಕಿತು. ನಮ್ಮಲ್ಲಿ ಎಣ್ಣೆ, ಕೊಬ್ಬುಗಳಿಗೆ 2011ರಲ್ಲಿ ಶೇ 10ರ ಮಿತಿ ಬಂತು, 2021ರಲ್ಲಿ ಶೇ 3 ಆಯಿತು, 2022ರ ಜನವರಿಗೆ ಶೇ 2. ವಿಜ್ಞಾನ ಹೇಳಿದ್ದು ಪಫ್‌ವರೆಗೆ ಬರಲು ಮೂವತ್ತು ವರ್ಷ ಹಿಡಿಯಿತು ಅನ್ನಿ. ಆದರೆ ಬಂದ ದಾರಿ ನೋಡಿ: ನಿಯಮ ಹೋಗಿ ಕೂತದ್ದು ಕೊಬ್ಬು ತಯಾರಾಗುವ ಕಾರ್ಖಾನೆಯಲ್ಲಿ. ಗಿರಾಕಿ ಏನನ್ನೂ ಓದಬೇಕಾಗಿಲ್ಲ, ಏನನ್ನೂ ಬಿಡಬೇಕಾಗಿಲ್ಲ.

ಹಾಗಂತ ಪಫ್ ಆರೋಗ್ಯದ ತಿಂಡಿಯಾಗಲಿಲ್ಲ. ಮೈದಾ ಇದೆ, ಪಾಮ್ ಎಣ್ಣೆಯ ಸ್ಯಾಚುರೇಟೆಡ್ ಕೊಬ್ಬು ಇದೆ, ಕ್ಯಾಲರಿ ಅಷ್ಟೇ ಇದೆ. ಹೃದಯಕ್ಕೆ ಸ್ವಲ್ಪ ಉಪಕಾರ, ಹೊಟ್ಟೆ ಇದ್ದ ಹಾಗೇ.

ಇನ್ನು ಪ್ಯಾಕೆಟ್ ಮುಂದಿನ ಲೇಬಲ್. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲರಿ ಜಾಸ್ತಿ ಇದ್ದರೆ ಎಂಟು ಮೂಲೆಯ ಕಪ್ಪು ಗುರುತು ಹಾಕಿಸುತ್ತಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರ ಕರಡಿನಲ್ಲಿ ತಿಂಡಿ ಎಷ್ಟು ಒಳ್ಳೆಯದು ಅಂತ ನೋಡಿ ಸ್ಟಾರ್ ಕೊಡಲು ಹೊರಟಿತು. ಅದರ ಲೆಕ್ಕದಲ್ಲಿ ನಾರು, ಹಣ್ಣು, ಬೀಜ ಇದ್ದರೆ ಸಕ್ಕರೆಯ ತಪ್ಪು ಒಂದಷ್ಟು ಮಾಫಿ. ಅಂದರೆ ಮೇಲೆ ಓಟ್ಸ್ ಉದುರಿಸಿದ ಸಿಹಿ ಬಿಸ್ಕತ್ತೂ ಒಂದಿಷ್ಟು ಸ್ಟಾರ್ ಹೊಡೆದುಕೊಳ್ಳಬಹುದು! ನನ್ನ ಮತ ಕಪ್ಪು ಗುರುತಿಗೇ. ಆದರೂ ಪೇಪರ್‌ನಲ್ಲಿ ಸುತ್ತಿ ಕೈಗೆ ಕೊಡುವ ಪಫ್, ದಿಲ್‌ಪಸಂದ್‌ಗೆ ಯಾವ ಲೇಬಲ್ಲೂ ಇಲ್ಲ. ಊರ ಜನ ತಿನ್ನುವುದರಲ್ಲಿ ಎಷ್ಟೋ ಪಾಲು ಹೀಗೆ ಪ್ಯಾಕೆಟ್ ಇಲ್ಲದ್ದೇ.

ಕೂಲ್‌ಡ್ರಿಂಕ್ಸ್ ವಿಷಯದಲ್ಲಾದರೂ ಕಾರ್ಖಾನೆ ದಾರಿ ಸಲೀಸಾಗಿತ್ತು. ಬ್ರಿಟನ್ 2018ರ ಏಪ್ರಿಲ್‌ನಿಂದ ಸಕ್ಕರೆ ನೋಡಿ ತೆರಿಗೆ ಹಾಕುತ್ತಿದೆ: ಶುರುವಾದಾಗ 100 ಮಿಲಿಗೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಜಾಸ್ತಿ. ತೆರಿಗೆ ಶುರುವಾಗುವ ಮೊದಲೇ ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿಬಿಟ್ಟವು. ನಮ್ಮಲ್ಲಿ 2025ರ ಸೆಪ್ಟೆಂಬರ್‌ನಿಂದ ಸೋಡಾ ಪಾನೀಯಗಳಿಗೆ ಜಿಎಸ್‌ಟಿ ಶೇ 40. ಸಕ್ಕರೆ ಸುರಿದಿದ್ದರೂ ಅಷ್ಟೇ, ಝೀರೋ ಇದ್ದರೂ ಅಷ್ಟೇ. ಹಾಗಿದ್ದ ಮೇಲೆ ಕಂಪನಿಯವರು ಸುಮ್ನೆ ಯಾಕೆ ಸಕ್ಕರೆ ಇಳಿಸುತ್ತಾರೆ? ಗ್ರಾಂ ಲೆಕ್ಕದಲ್ಲಿ ಹಾಕಿದರೆ ಖಜಾನೆಗೆ ಬರುವ ದುಡ್ಡು ಕಡಿಮೆಯಾಗಬಹುದು. ಆಗಲಿ ಬಿಡಿ.