ಸ್ಟೇಜ್ ಅಷ್ಟೇ ಅಲ್ಲ, ರಕ್ತನಾಳದ ಸಾಲನ್ನೂ ಓದಿ

ನಾನು ಪೆಥಾಲಜಿಸ್ಟ್. ಆಪರೇಷನ್‌ನಲ್ಲಿ ತೆಗೆದ ದೊಡ್ಡ ಕರುಳಿನ ತುಂಡು ಫಾರ್ಮಲಿನ್‌ನಲ್ಲಿ ಮುಳುಗಿ ನನ್ನ ಮೇಜಿಗೆ ಬರುತ್ತದೆ. ಕ್ಯಾನ್ಸರ್ ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡುತ್ತೇನೆ. ಕೊಬ್ಬಿನಲ್ಲಿ ಬೆರಳಾಡಿಸಿ ಲಿಂಫ್ ಗ್ರಂಥಿಗಳನ್ನು ಹುಡುಕುತ್ತೇನೆ, ಕನಿಷ್ಠ 12 ಆದರೂ ಸಿಗಬೇಕು. ಆಳ, ಗ್ರಂಥಿ, ದೂರದ ಅಂಗಕ್ಕೆ ಹರಡಿದೆಯೋ ಇಲ್ಲವೋ, ಈ ಮೂರರಿಂದ ಸ್ಟೇಜ್ ಗೊತ್ತಾಗುತ್ತದೆ. ಮನೆಯವರು ಕೇಳುವುದೂ ಅದೊಂದನ್ನೇ.

ಆದರೆ ವರದಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ಕ್ಯಾನ್ಸರ್ ರಕ್ತನಾಳದೊಳಗೆ, ಅಂದರೆ ಅಂಗಗಳಿಂದ ರಕ್ತ ವಾಪಸ್ ಒಯ್ಯುವ ಸಿರೆಯೊಳಗೆ, ನುಗ್ಗಿದೆಯಾ? ಇಲ್ಲ ಅಂದರೆ ವಿ0. ಮೈಕ್ರೋಸ್ಕೋಪಿನಲ್ಲಿ ಮಾತ್ರ ಕಂಡರೆ ವಿ1, ಬರಿಗಣ್ಣಿಗೇ ಕಂಡರೆ ವಿ2. ಇದರಿಂದ ಸ್ಟೇಜಿನ ಅಂಕಿ ಬದಲಾಗುವುದಿಲ್ಲ. ಹಾಗಂತ ಬಿಟ್ಟುಬಿಡುವ ಸಾಲಲ್ಲ ಇದು.

ಕರುಳಿನ ರಕ್ತ ಪೋರ್ಟಲ್ ಸಿರೆಯ ಮೂಲಕ ನೇರ ಲಿವರ್‌ಗೆ ಹೋಗುತ್ತದೆ. ಈ ಕ್ಯಾನ್ಸರ್ ಹರಡಿದಾಗ ಜಾಸ್ತಿ ಸಲ ಲಿವರ್‌ನಲ್ಲೇ ಕಾಣಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಗುದನಾಳದ ಕೆಳಭಾಗದ ಸಿರೆಗಳು ಮಾತ್ರ ಲಿವರ್ ತಪ್ಪಿಸಿ ಹೃದಯದ ಕಡೆ ಹೋಗುತ್ತವೆ, ಅಲ್ಲಿಂದ ಶ್ವಾಸಕೋಶ.

ಸ್ಟೇಜ್ ಮೇಲೇರಿದಷ್ಟೂ ಸಿರೆಯೊಳಗೆ ಕ್ಯಾನ್ಸರ್ ಸಿಗುವುದು ಹೆಚ್ಚು. ಆದರೆ ಈ ಸಾಲಿನ ಬೆಲೆ ಎದ್ದು ಕಾಣುವುದು ಸ್ಟೇಜ್ 2ರಲ್ಲಿ. ಲಿಂಫ್ ಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲ, ಎಲ್ಲರಿಗೂ ನೆಮ್ಮದಿ. ಆಗಲೇ ಕರುಳಿನ ಗೋಡೆಯಾಚೆಯ ಸಿರೆಯೊಂದರಲ್ಲಿ ಕ್ಯಾನ್ಸರ್ ಕೂತಿದ್ದರೆ, ರೋಗ ಮರಳುವ ಅಪಾಯ ಜಾಸ್ತಿ. ಕೀಮೋ ಬೇಕಾ ಅಂತ ವೈದ್ಯರು ತೂಗಿ ನೋಡುವಾಗ ಇದೂ ಲೆಕ್ಕಕ್ಕೆ ಬರುತ್ತದೆ. ಗೋಡೆಯೊಳಗಿನ ಸಿರೆಗಿಂತ ಆಚೆಯದ್ದೇ ಹೆಚ್ಚು ಚಿಂತೆಯದ್ದು. ಹಾಗೆ ಕಂಡವರಿಗೆಲ್ಲ ರೋಗ ಮರಳುತ್ತದೆ ಅಂತಲ್ಲ, ಎಷ್ಟೋ ಜನ ಚೆನ್ನಾಗಿಯೇ ಇರುತ್ತಾರೆ.

ಹುಡುಕುವುದೇ ಕಷ್ಟದ ಕೆಲಸ. ಕ್ಯಾನ್ಸರ್ ಸಿರೆಯನ್ನು ತುಂಬಿ ಅದರ ಗೋಡೆಯನ್ನೇ ತಿಂದುಹಾಕಿದರೆ, ಸಾಮಾನ್ಯ ಗುಲಾಬಿ-ನೇರಳೆ ಬಣ್ಣದ ಸ್ಲೈಡಿನಲ್ಲಿ ಅದು ಸುಮ್ನೆ ಇನ್ನೊಂದು ಗಡ್ಡೆಯ ತುಣುಕಿನ ಹಾಗೆ ಕಾಣುತ್ತದೆ. ನಾನು ಅಪಧಮನಿಗಳನ್ನು, ಅಂದರೆ ಅಂಗಗಳಿಗೆ ರಕ್ತ ತರುವ ನಾಳಗಳನ್ನು, ನೋಡುತ್ತಾ ಹೋಗುತ್ತೇನೆ. ಅಪಧಮನಿ ಇದ್ದಲ್ಲಿ ಪಕ್ಕದಲ್ಲಿ ಸಿರೆ ಇರಬೇಕು, ಅಲ್ವಾ? ದಪ್ಪ ಗೋಡೆಯ ಅಪಧಮನಿ ಒಂಟಿಯಾಗಿ ನಿಂತು, ಪಕ್ಕದಲ್ಲಿ ದುಂಡನೆಯ ಕ್ಯಾನ್ಸರ್ ಗಂಟು ಕಂಡರೆ ಅಲ್ಲೇ ನಿಲ್ಲುತ್ತೇನೆ. ಎಲಾಸ್ಟಿಕ್ ಸ್ಟೇನ್ ಅನ್ನುವ ವಿಶೇಷ ಬಣ್ಣ ಹಾಕಿಸುತ್ತೇನೆ. ಸಿರೆಯ ಗೋಡೆಯಲ್ಲಿ ಉಳಿದ ಎಳೆಗಳು ಕಪ್ಪಾಗಿ, ಆ ಗಂಟಿನ ಸುತ್ತ ಉಂಗುರದಂತೆ ಮೂಡುತ್ತವೆ. ಈ ಸ್ಟೇನ್ ಮಾಡಿದಲ್ಲೆಲ್ಲ ಪತ್ತೆಯಾಗುವ ಪ್ರಮಾಣ ಏರುತ್ತದೆ. ಪ್ರತಿ ಕೇಸಿಗೂ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗುದನಾಳದ ಕ್ಯಾನ್ಸರ್ ಆದರೆ ಆಪರೇಷನ್‌ಗೆ ಮೊದಲೇ ಎಂಆರ್‌ಐನಲ್ಲಿ ಗೋಡೆಯಾಚೆಯ ಸಿರೆಯೊಳಗಿನ ಕ್ಯಾನ್ಸರ್ ಕಾಣಬಹುದು. ಮೊದಲೇ ಕೀಮೋ, ರೇಡಿಯೇಷನ್ ಕೊಡುವ ತೀರ್ಮಾನಕ್ಕೆ ಅದು ನೆರವಾಗುತ್ತದೆ.

ನಿಮ್ಮ ಕೈಯಲ್ಲಿ ಇಂಥ ವರದಿ ಇದ್ದರೆ ವೈದ್ಯರನ್ನು ಕೇಳಿ: ಸಿರೆಯೊಳಗೆ ಕ್ಯಾನ್ಸರ್ ಇದೆಯಾ, ಗೋಡೆಯ ಒಳಗಾ ಆಚೆಯಾ, ಎಲಾಸ್ಟಿಕ್ ಸ್ಟೇನ್ ಆಗಿದೆಯಾ? ಆಗಿಲ್ಲ ಅಂದರೂ ಹೊತ್ತು ಮೀರಿಲ್ಲ. ಮೇಣದಲ್ಲಿ ಕೂರಿಸಿದ ಆ ತುಣುಕುಗಳನ್ನು ಲ್ಯಾಬ್ ಜೋಪಾನ ಮಾಡಿಟ್ಟಿರುತ್ತದೆ. ಅದರಿಂದ ಹೊಸ ಸ್ಲೈಡ್ ಮಾಡಿ ನೋಡಬಹುದು.