ಅಪ್ಪನ ಮೂಗು
ನೈಟ್ ಡ್ಯೂಟಿ ಮುಗಿಸಿ ಬಂದು ಎಷ್ಟು ಹೊತ್ತಾದರೂ ನಿದ್ದೆ ಹತ್ತುತ್ತಿಲ್ಲ. 23 ವಾರಕ್ಕೇ ಹುಟ್ಟಿದ ಕೂಸು. ಅತಿ ಚಿಕ್ಕ ಡೈಪರ್ ಕೂಡ ಕಂಕುಳವರೆಗೆ ಬರುತ್ತಿತ್ತು. ಮಿದುಳಿನ ಎರಡೂ ಕಡೆ ರಕ್ತಸ್ರಾವ. ವೆಂಟಿಲೇಟರ್ ಮುಂದುವರಿಸಬೇಕಾ ಬೇಡವಾ ಅಂತ ಮೂರು ದಿನ ಮಾತುಕತೆ ನಡೆಯಿತು. ತೀರ್ಮಾನ ಆದಮೇಲೂ ಅಪ್ಪ ಕೇಳಿದ್ದು ಒಂದೇ, "ನಾವೇ ಕೊಂದ ಹಾಗಾಗಲ್ವಾ ಸಿಸ್ಟರ್?"

ಚಿಕಿತ್ಸೆ ನಿಲ್ಲಿಸುವುದು ಬೇರೆ, ಆರೈಕೆ ನಿಲ್ಲಿಸುವುದು ಬೇರೆ. ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದೂ ಇದ್ದೇನೆ. ಆಗ ಮಾತ್ರ ಬಾಯಿಗೆ ಬರಲಿಲ್ಲ. ನೋವು ಗೊತ್ತಾಗದಿರಲಿ ಅಂತ ಮಾರ್ಫಿನ್ ಹೋಗುತ್ತಲೇ ಇತ್ತು. ಮಾನಿಟರ್ ಸದ್ದು ನಿಲ್ಲಿಸಿದೆವು. ಟ್ಯೂಬ್ ತೆಗೆದು ಅಮ್ಮನ ಎದೆ ಮೇಲೆ ಮಲಗಿಸಿದೆವು.

ಟ್ಯೂಬ್ ಹಿಡಿದಿಡುವ ಪ್ಲಾಸ್ಟರ್ ಇಲ್ಲದ ಮುಖವನ್ನು ಅಮ್ಮ ನೋಡಿದ್ದು ಅದೇ ಮೊದಲು. "ಮೂಗು ಇವರದ್ದೇ ಅಲ್ವಾ?" ಅಂದರು.