ರಣರಂಗದಲ್ಲಿ ಒಬ್ಬ ದೊರೆ

ರಾತ್ರಿ ಮತ್ತೆ ರನ್ನನ ಗದಾಯುದ್ಧ ಕಾವ್ಯ ತೆರೆದೆ. ಹನ್ನೊಂದು ಅಕ್ಷೌಹಿಣಿ ಸೈನ್ಯದ ಒಡೆಯನಾಗಿದ್ದ ದುರ್ಯೋಧನ ಈಗ ಸಂಜಯನ ಜೊತೆ ಹೆಣಗಳ ನಡುವೆ ಎಡವುತ್ತಾ ನಡೆಯುತ್ತಾನೆ. ದ್ರೋಣರು, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಬಳಿಯೂ ನಿಲ್ಲುತ್ತಾನೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಅಭಿಮನ್ಯುವಿನ ಹೆಣ. ಶತ್ರುವಿನ ಮಗ, ತನ್ನವರೇ ಸುತ್ತುವರಿದು ಕೊಂದ ಹುಡುಗ. ಅವನ ಮುಂದೆ ದುರ್ಯೋಧನ ಕೈಮುಗಿಯುತ್ತಾನೆ. ನಿನ್ನ ಸಾಹಸದ ಒಂದಂಶದೊಡನೆ ಬರುವ ಸಾವಾದರೂ ನನಗಿರಲಿ ಎಂದು ಬೇಡುತ್ತಾನೆ.

ಪಾಂಡವರಿಗೆ ನೆಲ ಕೊಡಲೊಲ್ಲದವನು ಕೇಳುವುದು ಇಷ್ಟನ್ನೇ! ಅವನ ತಪ್ಪುಗಳೆಲ್ಲ ಗೊತ್ತಿದ್ದೂ ಕಣ್ಣು ತೇವವಾಯಿತು. ಅಧಿಕಾರವಿದ್ದಾಗ ಈ ಮೆಚ್ಚುಗೆ ಅವನೊಳಗೆ ಎಲ್ಲಿ ಅಡಗಿತ್ತು? ಮುಂದೆ ಅವನು ಬಚ್ಚಿಟ್ಟುಕೊಳ್ಳುವ ವೈಶಂಪಾಯನ ಸರೋವರ, ಭೀಮನ ಗರ್ಜನೆ, ನೀರೊಳಗಿದ್ದೂ ಬೆವರುವ ದೊರೆ. ಅಲ್ಲಿಯವರೆಗೆ ಹೋಗಲು ಮನಸ್ಸಾಗಲಿಲ್ಲ. ಪುಟವನ್ನು ಅಭಿಮನ್ಯುವಿನ ಬಳಿಯೇ ಮಡಿಸಿಟ್ಟೆ.